ಬೋಳುಕತ್ತಿನ ಕೋಳಿಯ ಬೆನ್ನು ಹಿಡಿದು ಹಂಗೆರಿಗೆ

ಚಿಂತಾಮಣಿ ಸಂತೆ

ಹಂಗೆರಿಗೆ ಯಾಕೆ ಹೋಗಿದ್ದಿರಿ ಎಂದು ಗೌರಿಬಿದನೂರಿನಲ್ಲಿ ಈಗಲೂ ಜನ ಕೇಳುತ್ತಾರೆ. ಕೋಳಿ ನೋಡಲು ಎಂದರೆ ನಗುತ್ತಾರೆ. ನಗುವುದರಲ್ಲಿ ತಪ್ಪೇನಿಲ್ಲ. ನಮ್ಮ ಹೈಸ್ಕೂಲಿನ ಸ್ಟಾಫ್ ರೂಮಿನಲ್ಲಿ ಆವರೆಗೆ ವಿಮಾನ ಹತ್ತಿದ್ದವರು ಇಬ್ಬರೇ. ಒಬ್ಬರು ಬುದ್ಧಗಯೆಗೆ, ಇನ್ನೊಬ್ಬರು ಮಗಳ ಬಾಣಂತನಕ್ಕೆ. ಕೋಳಿಗಾಗಿ ಹತ್ತಿದವಳು ನಾನೊಬ್ಬಳು. ನಿಜ ಹೇಳಬೇಕೆಂದರೆ ಆಹ್ವಾನ ಬಂದದ್ದು ನನಗಲ್ಲ, ವೆಂಕಟಲಕ್ಷ್ಮಮ್ಮನವರಿಗೆ. ಅವರ ಮಾತನ್ನು ಇಂಗ್ಲಿಷಿನಲ್ಲಿ ಹೇಳುವುದಕ್ಕೆಂದು ನಾನು ಜೊತೆಗೆ ಹೋದೆ.

ಅವರನ್ನು ನಾನು ಮೊದಲು ಕಂಡದ್ದು ಚಿಂತಾಮಣಿ ಸಂತೆಯಲ್ಲಿ. ನಾವು ಊರಾಚೆ ಹೊಸ ಮನೆ ಕಟ್ಟಿಸಿ, ಹಿತ್ತಲಲ್ಲಿ ಆರು ಬಿಳಿ ಫಾರಂ ಕೋಳಿ ಸಾಕಿದ್ದೆವು. ಏಪ್ರಿಲ್ ಬಿಸಿಲಿಗೆ ಅವು ಬಾಯಿ ತೆರೆದು ತೇಕುತ್ತ ಒಂದೊಂದಾಗಿ ಸತ್ತವು. ನನ್ನ ಗಂಡ ಕೆಲಸ ಮಾಡುವುದು ಕುಡುಮಲಕುಂಟೆಯ ಒಂದು ಕಾರ್ಖಾನೆಯಲ್ಲಿ. ಅಲ್ಲಿನ ಗೆಳೆಯರೊಬ್ಬರು, ಚಿಂತಾಮಣಿ ಸಂತೆಯಲ್ಲಿ ಒಬ್ಬ ಅಜ್ಜಿ ಕತ್ತಿಗೆ ಪುಕ್ಕವೇ ಇಲ್ಲದ ಕೋಳಿ ಮಾರುತ್ತಾರೆ, ಎಂಥ ಬೇಸಿಗೆಗೂ ಅವು ಜಗ್ಗುವುದಿಲ್ಲ ಎಂದರು. ನನ್ನ ತಾಯಿಯ ಮನೆಯಲ್ಲೂ ಹಿಂದೆ ಅಂಥ ಕೋಳಿ ಇದ್ದವು. ನೋಡಲು ಚೆಂದವಿಲ್ಲ ಎಂದು ನಾವು ಮಕ್ಕಳೆಲ್ಲ ಅವನ್ನು ಆಡಿಕೊಂಡು ನಗುತ್ತಿದ್ದೆವು. ಒಂದು ಸಂತೆಯ ದಿನ ರಜೆ ಹಾಕಿ ಹೋದೆ.

ಹುಣಸೆಮರದ ನೆರಳಲ್ಲಿ ಮಂಕರಿಯ ಪಕ್ಕ ಕೂತಿದ್ದ ಆ ಹೆಂಗಸು ನನಗೆ ಕೋಳಿ ಕೊಡಲೇ ಇಲ್ಲ. ಬದಲಿಗೆ ಪ್ರಶ್ನೆ ಕೇಳಲು ಶುರುಮಾಡಿದರು. ಹಿತ್ತಲು ಯಾವ ದಿಕ್ಕಿಗಿದೆ, ಸಂಜೆ ಬಿಸಿಲು ಎಲ್ಲಿಯವರೆಗೆ ಬೀಳುತ್ತದೆ, ಮರ ಎಷ್ಟಿವೆ, ನಾಯಿ ಇದೆಯೇ, ಹಗಲು ಮನೆಯಲ್ಲಿ ಯಾರಿರುತ್ತಾರೆ, ಕೊಯ್ಯುವುದಕ್ಕೋ ಮೊಟ್ಟೆಗೋ. ನಾವು ಬೌದ್ಧರು, ಮನೆಯಲ್ಲಿ ಕೊಯ್ಯುವುದಿಲ್ಲ, ಮೊಟ್ಟೆಗೆ ಮಾತ್ರ, ಹಗಲು ಮನೆಗೆ ಬೀಗ ಎಂದೆ. ಅವರು ಎಲ್ಲ ಕೇಳಿಕೊಂಡು, ಮುಂದಿನ ಸಂತೆಗೆ ಬನ್ನಿ ಎಂದು ಕಳಿಸಿಬಿಟ್ಟರು.

ಮುಂದಿನ ವಾರ ಹೋದಾಗ ಎರಡು ಹ್ಯಾಟೆ, ಒಂದು ಹುಂಜ ತಂದಿಟ್ಟಿದ್ದರು. ಹ್ಯಾಟೆಗಳ ಕತ್ತು ಪೂರ್ತಿ ಬೋಳಲ್ಲ. ಮುಂಭಾಗದಲ್ಲಿ ಒಂದು ಹಿಡಿ ಪುಕ್ಕ, ಪದಕ ತೂಗುಬಿಟ್ಟ ಹಾಗೆ. ಅವರೂ ಅದನ್ನು ಪದಕ ಎಂದೇ ಕರೆಯುತ್ತಿದ್ದರು. ಪೂರ್ತಿ ಬೋಳಿನ ಮರಿಗಳಿಗೆ ಮಾಗಿಯಲ್ಲಿ ಬೆಳಗ್ಗೆ ಬೆಳಗ್ಗೆ ನೆಗಡಿ ಹಿಡಿಯುತ್ತದೆ, ಬಾಗಿಲು ಹಾಕಿದ ಮನೆಯಲ್ಲಿ ಗೂಡು ಮುಚ್ಚುವವರು ತೆರೆಯುವವರು ಯಾರು, ನಿಮ್ಮಂಥವರಿಗೆ ಪದಕದ್ದೇ ಸರಿ ಎಂದರು. ಹುಂಜಕ್ಕೂ ಪದಕವಿತ್ತು. ಇವಕ್ಕೆ ಹುಟ್ಟುವ ಮರಿ ಒಂದೇ ಥರ ಇರುವುದಿಲ್ಲ, ಕೆಲವಕ್ಕೆ ಮುಚ್ಚಿದ ಕತ್ತು, ಕೆಲವಕ್ಕೆ ಬೋಳು, ಹೆಚ್ಚಿನವಕ್ಕೆ ಪದಕ ಎಂದೂ ಹೇಳಿದರು. ನಾನು ಜೀವಶಾಸ್ತ್ರದ ಟೀಚರ್. ಬಟಾಣಿ ಗಿಡದ ಪಾಠವನ್ನು ಹದಿನೇಳು ವರ್ಷ ಕಪ್ಪು ಹಲಗೆಯ ಮೇಲೆ ಚೌಕ ಬರೆದು ಹೇಳಿಕೊಟ್ಟವಳು. ಆ ಚೌಕದಲ್ಲಿದ್ದದ್ದನ್ನೆಲ್ಲ ಈಕೆ ಸಂತೆಯಲ್ಲಿ ಕೂತು ಎಲೆ ಅಡಿಕೆ ಹಾಕಿಕೊಳ್ಳುತ್ತ ಹೇಳಿದರು. ಅಲ್ಲಿಂದ ನಾನು ಪ್ರತಿ ತಿಂಗಳೂ ಚಿಂತಾಮಣಿಗೆ ಹೋಗಲು ಶುರುಮಾಡಿದೆ.

ಮನೆಕೋಳಿ ಸಾಕುವವರನ್ನು ಒಂದು ದೇಶದಿಂದ ಇನ್ನೊಂದು ದೇಶಕ್ಕೆ ಕಳಿಸಿ, ಒಬ್ಬರ ಮನೆಯಲ್ಲಿ ಇನ್ನೊಬ್ಬರನ್ನು ಒಂದು ವಾರ ಇರಿಸುವ ಸಂಸ್ಥೆಯೊಂದಿದೆ. ನಾನು ಅವರಿಗೆ ಲಕ್ಷ್ಮಮ್ಮನವರ ವಿಷಯ ಬರೆದೆ. ಉತ್ತರ ಬಂತು: ಹಂಗೆರಿಯಲ್ಲೂ ಬೋಳುಕತ್ತಿನ ಕೋಳಿಗಳಿವೆ, ಅಲ್ಲಿನ ಹಳೆಯ ತಳಿ, ಬಂದು ನೋಡಿ.

ಸುದ್ದಿ ಹೇಳಲು ಅವರ ಊರಿಗೆ ಹೋದೆ. ಆಂಧ್ರದ ಗಡಿಗೆ ಕೂಗಳತೆಯಲ್ಲಿರುವ ಹಳ್ಳಿ. ಹಂಗೆರಿಯಲ್ಲಿ ಹಿಮ ಬೀಳುತ್ತದೆ ಎಂದಾಗ ಅವರು ನಂಬಲಿಲ್ಲ. "ಚಳಿ ದೇಶದಾಗೆ ಕತ್ತು ಬೋಳು ಇಟ್ಕೊಂಡು ಯಂಗೆ ಬದುಕ್ತವೆ? ನೋಡೇಬೇಕು ಬಿಡಿ ಟೀಚರಮ್ಮ" ಎಂದರು. ಹೊರಡಲು ಒಪ್ಪಿದ್ದು ಆ ಒಂದು ಪ್ರಶ್ನೆಗೇ.

ದೇವನಹಳ್ಳಿ

ಹೊಸ ವಿಮಾನ ನಿಲ್ದಾಣ ಶುರುವಾಗಿ ಕೆಲವು ತಿಂಗಳಾಗಿತ್ತು. ಚಿಂತಾಮಣಿಯಿಂದ ಶಿಡ್ಲಘಟ್ಟಕ್ಕೆ ಬಂದು, ಅಲ್ಲಿ ರೇಷ್ಮೆ ನೂಲು ತೆಗೆಯುವ ಮನೆಗೆ ಕೊಟ್ಟಿದ್ದ ಲಕ್ಷ್ಮಮ್ಮನವರ ಮಗಳು ಮಂಜುಳಾಳ ಕೈಯಡುಗೆ ಉಂಡು ಹೊರಟೆವು. ಮಂಜುಳಾ ಅಮ್ಮನ ಕೋಳಿಗಳನ್ನು ಎರಡು ವಾರ ನೋಡಿಕೊಳ್ಳುವವಳು. ಅವಳ ಹಿತ್ತಲಲ್ಲೂ ಇದೇ ಬೋಳುಕತ್ತಿನವು, ನೂಲು ತೆಗೆದ ಮೇಲೆ ಉಳಿಯುವ ಹುಳು ತಿಂದು ಗುಂಡಗಿದ್ದವು. ವರ್ಷ ಬಿಟ್ಟು ವರ್ಷ ತಾಯಿ ಮಗಳು ಹುಂಜ ಬದಲಾಯಿಸಿಕೊಳ್ಳುತ್ತಾರಂತೆ. ಯಾಕೆ ಎಂದು ನಾನು ಆಗ ಕೇಳಲಿಲ್ಲ.

ಪಾಸ್‌ಪೋರ್ಟ್ ನೋಡುವ ಅಧಿಕಾರಿ ನಮ್ಮನ್ನು ತಡೆದರು. ಲಕ್ಷ್ಮಮ್ಮನವರ ಪಾಸ್‌ಪೋರ್ಟಿನಲ್ಲಿ ಕೋಲಾರ ಜಿಲ್ಲೆ, ಆಹ್ವಾನ ಪತ್ರದಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆ. ಯಾವುದು ಸರಿ ಎಂದು ಕೇಳಿದರು. ನಾನು ಜಿಲ್ಲೆ ವಿಭಜನೆಯ ಕಥೆಯನ್ನು ಇಂಗ್ಲಿಷಿನಲ್ಲಿ ಶುರುಮಾಡುವ ಮೊದಲೇ ಲಕ್ಷ್ಮಮ್ಮ ಕಿಟಕಿಗೆ ಬಾಗಿ, "ಊರು ಅಲ್ಲೇ ಐತೆ ಸ್ವಾಮಿ, ಜಿಲ್ಲೆ ವೋಯ್ತು" ಎಂದರು. ಆತ ಕನ್ನಡದವರು. ಮುದ್ರೆ ಒತ್ತಿ ಕಳಿಸಿದರು.

ಆದರೆ ಲಕ್ಷ್ಮಮ್ಮನವರ ಸೆರಗಿನ ಗಂಟಿನಲ್ಲಿ ತಮ್ಮ ಮೆಚ್ಚಿನ ಹ್ಯಾಟೆಯ ಒಂದು ಹಿಡಿ ಪುಕ್ಕವಿತ್ತು. ಹಂಗೆರಿಯವರಿಗೆ ತೋರಿಸಲೆಂದು ಇಟ್ಟುಕೊಂಡಿದ್ದರು. ಹಕ್ಕಿಜ್ವರ ಬಂದುಹೋದ ಮೇಲೆ ಯಾವ ದೇಶವೂ ಒಂದು ಪುಕ್ಕವನ್ನೂ ಒಳಗೆ ಬಿಡುವುದಿಲ್ಲ ಎಂದು ನಾನು ಅವರನ್ನು ಒಪ್ಪಿಸುವಷ್ಟರಲ್ಲಿ ಬೆವರಿಳಿಯಿತು. ಅವರು ಅದನ್ನು ಕಸದ ಡಬ್ಬಿಗೆ ಹಾಕಿ ಬಂದು, ಫ್ರಾಂಕ್‌ಫರ್ಟ್ ಬರುವವರೆಗೆ ನನ್ನ ಜೊತೆ ಮಾತಾಡಲಿಲ್ಲ.

ಬೇಲಿಯ ಹೊರಗೆ ಎರಡು ದಿನ

ಬುಡಾಪೆಸ್ಟಿನಿಂದ ರೈಲಿನಲ್ಲಿ ಮೂರು ಗಂಟೆ. ಗುಡ್ಡವೇ ಇಲ್ಲದ ಬಯಲು. ಕಿಟಕಿಯಲ್ಲಿ ಜೋಳದ ಹೊಲ, ಮತ್ತೆ ಜೋಳದ ಹೊಲ. ಗೌರಿಬಿದನೂರಿನ ಮುಸುಕಿನ ಜೋಳವನ್ನೇ ಯಾರೋ ಚಾಪೆ ಹಾಸಿದಂತೆ ಬಿಡಿಸಿ ಹಾಸಿದ್ದರು. ನಡುನಡುವೆ ಹಳೆಯ ಬಾವಿಗಳು, ಅವುಗಳ ಮೇಲೆ ಉದ್ದನೆಯ ಮರದ ಏತ. ಏತ ನೋಡಿದ್ದೇ ತಡ ಲಕ್ಷ್ಮಮ್ಮ ಎದ್ದು ನಿಂತರು. ನಮ್ಮ ಕಡೆ ಏತ ಮರೆಯಾಗಿ ಎಷ್ಟೋ ಕಾಲವಾಯಿತು. ತಮ್ಮ ತಂದೆ ಏತದ ಮೇಲೆ ನಡೆಯುತ್ತಿದ್ದದ್ದನ್ನು ರೈಲು ನಿಲ್ಲುವವರೆಗೂ ಹೇಳಿದರು.

ನಿಲ್ದಾಣದಲ್ಲಿ ಕಾದಿದ್ದವರು ನಾವು ಉಳಿಯಬೇಕಿದ್ದ ಮನೆಯ ಇಲೋಂಕ ನೇನಿ ಮತ್ತು ಅವರ ಸೊಸೆ ಯುದಿತ್. ಯುದಿತ್ ಅಲ್ಲಿನ ಶಾಲೆಯಲ್ಲಿ ಇಂಗ್ಲಿಷ್ ಟೀಚರ್. ನೇನಿ ಎಂದರೆ ಅತ್ತೆಯೋ ಚಿಕ್ಕಮ್ಮನೋ ಎಂದು ಅರ್ಥ. ಹಿರಿಯ ಹೆಂಗಸಿನ ಹೆಸರಿನ ಹಿಂದೆ ಅದನ್ನು ಸೇರಿಸದೆ ಕರೆಯುವುದಿಲ್ಲ. ಇದನ್ನು ಕೇಳಿ ಲಕ್ಷ್ಮಮ್ಮನವರಿಗೆ ಅರ್ಧ ಭಯ ಹೋಯಿತು. ಹೆಸರಿಗೆ ಅಕ್ಕ, ಅಮ್ಮ ಎಂದು ಸೇರಿಸಿ ಕರೆಯುವ ಜನ ಕೆಟ್ಟವರಿರುವುದಿಲ್ಲ ಎಂದು ಅವರ ಲೆಕ್ಕ. ಅವತ್ತಿನಿಂದ ಅವರು ಇಲೋಂಕಕ್ಕ.

ಇಲೋಂಕ ನೇನಿಗೆ ಎಪ್ಪತ್ತರ ಹತ್ತಿರ. ಸುಣ್ಣ ಬಳಿದ ಉದ್ದನೆಯ ಮನೆ, ಗೋಡೆಗೆ ಒಣಗಲು ಹಾಕಿದ ಕೆಂಪು ಮೆಣಸಿನಕಾಯಿಯ ಸರ. ಗಂಡ ತೀರಿಕೊಂಡು ಆರು ವರ್ಷ. ಹಿತ್ತಲಲ್ಲಿ ಆತ ಬೆಳೆಸಿದ ತಳಿಯ ಕರಿಯ ಕೋಳಿಗಳು. ಕತ್ತು ಪೂರ್ತಿ ಬೋಳು, ಕೆಂಪು, ನೆತ್ತಿಯ ಮೇಲೆ ಮಾತ್ರ ಟೋಪಿಯಂತೆ ಪುಕ್ಕ. ತಳಿ ಕಟ್ಟುವ ಕಾಲದಲ್ಲಿ ಪದಕದ ಮರಿ ಹುಟ್ಟಿದರೆ ಅದು ಲಾಯಕ್ಕಿಲ್ಲವೆಂದು ನೇರ ಸಾರಿಗೆ ಹೋಗುತ್ತಿತ್ತಂತೆ. ಲಕ್ಷ್ಮಮ್ಮ ಇದನ್ನು ಕೇಳಿ ಮುಖ ಸಿಂಡರಿಸಿದರು.

ಆದರೆ ಒಳಗೆ ಹೋಗುವ ಹಾಗಿಲ್ಲ. ಬೇರೆ ದೇಶದಿಂದ, ಅದೂ ಕೋಳಿ ಸಾಕುವವರ ಮನೆಯಿಂದ ಬಂದವರು ಎರಡು ದಿನ ಕೋಳಿ ಮುಟ್ಟಬಾರದು ಎಂದು ಅಲ್ಲಿನ ಪಶುವೈದ್ಯರು ಕಟ್ಟುನಿಟ್ಟು ಮಾಡಿದ್ದರು. ತಂತಿ ಬೇಲಿಯ ಹೊರಗೆ ಒಂದು ಮರದ ಬೆಂಚು. ಯುದಿತ್ ನಮ್ಮನ್ನು ಪೇಟೆ ನೋಡಲು, ಚರ್ಚು ನೋಡಲು ಕರೆದಳು. ನಾನು ಹೋದೆ. ಲಕ್ಷ್ಮಮ್ಮ ಬರಲಿಲ್ಲ. ಶಾಲು ಹೊದ್ದು ಬೆಂಚಿನ ಮೇಲೆ ಕೂತವರು ಎರಡು ದಿನವೂ ಅಲ್ಲಿಂದ ಏಳಲಿಲ್ಲ ಎಂದೇ ಹೇಳಬೇಕು. ಒಮ್ಮೆ ಅವರು ನಮ್ಮೂರಿನ ಹಾಗೆ "ಬಾ ಬಾ ಬಾ" ಎಂದು ಕರೆದರು. ಒಂದು ಕೋಳಿಯೂ ತಿರುಗಿ ನೋಡಲಿಲ್ಲ. ಅಡುಗೆಮನೆಯಿಂದ ಇಲೋಂಕ ನೇನಿ "ಪಿ ಪಿ ಪಿ" ಎಂದರೆ ಅಷ್ಟೂ ಓಡಿಬಂದವು. ಸಂಜೆಯ ಹೊತ್ತಿಗೆ ಲಕ್ಷ್ಮಮ್ಮನೂ ಪಿ ಪಿ ಎನ್ನುತ್ತಿದ್ದರು.

ಚಳಿಯ ಪ್ರಶ್ನೆಗೆ ಉತ್ತರ ಮೊದಲ ದಿನವೇ ಸಿಕ್ಕಿತು. ಹಿಮ ಬೀಳುವಾಗ ಕೆಂಪು ಜುಟ್ಟು ಮರಗಟ್ಟದಿರಲೆಂದು ಅದಕ್ಕೆ ಬಾತುಕೋಳಿಯ ಕೊಬ್ಬು ಸವರುತ್ತಾರಂತೆ. ಕತ್ತಿಗೆ ಏನೂ ಆಗುವುದಿಲ್ಲವಂತೆ, ಮಲಗುವಾಗ ಅದನ್ನು ರೆಕ್ಕೆಯೊಳಗೆ ಸೇರಿಸಿಕೊಳ್ಳುತ್ತವೆ. ಪುಕ್ಕ ಕಡಿಮೆ, ಹಾಗಾಗಿ ತಿಂದದ್ದು ಪುಕ್ಕಕ್ಕೆ ಹೋಗದೆ ಮೊಟ್ಟೆಗೆ ಹೋಗುತ್ತದೆ ಎಂದರು ಇಲೋಂಕ ನೇನಿ. ನಾವು ಬಿಸಿಲಿಗೆಂದು ಸಾಕುವ ಕೋಳಿಯನ್ನು ಅವರು ಹೊಟ್ಟೆಬಾಕತನವಿಲ್ಲವೆಂದು ಸಾಕುತ್ತಿದ್ದರು.

ಮುದ್ದೆ

ಎರಡನೆಯ ದಿನದ ಊಟದ ಹೊತ್ತಿಗೆ ಲಕ್ಷ್ಮಮ್ಮ ಸೋತಿದ್ದರು. ಬ್ರೆಡ್ಡು ಗಂಟಲಲ್ಲಿ ಇಳಿಯುತ್ತಿಲ್ಲ ಎಂದು ನನ್ನ ಹತ್ತಿರ ಪಿಸುಗುಟ್ಟಿದರು. ಅವತ್ತು ಇಲೋಂಕ ನೇನಿ ಒಲೆಯ ಮೇಲೆ ನೀರು ಕುದಿಸಿ, ಜೋಳದ ಹಿಟ್ಟು ಸುರಿದು, ಉದ್ದನೆಯ ಮರದ ಕೋಲಿನಿಂದ ತಿರುವಲು ಶುರುಮಾಡಿದರು. ಲಕ್ಷ್ಮಮ್ಮ ಮೆಲ್ಲಗೆ ಎದ್ದು ಒಲೆಯ ಹತ್ತಿರ ಹೋದರು. ಕೋಲು ಕೇಳಿ ತೆಗೆದುಕೊಂಡರು. ಕಾಲಿನಿಂದ ಪಾತ್ರೆ ಒತ್ತಿ ಹಿಡಿಯಲು ಅಲ್ಲಿ ಅನುಕೂಲವಿಲ್ಲ, ಆದರೂ ಹಿಟ್ಟು ಗಂಟಾಗದಂತೆ ತಿರುವಿ, ತಟ್ಟೆಗೆ ಹಾಕಿ, ಕೈ ಒದ್ದೆ ಮಾಡಿಕೊಂಡು ಉಂಡೆ ಕಟ್ಟಿದರು. ಬಣ್ಣ ಹಳದಿ ಎನ್ನುವುದು ಬಿಟ್ಟರೆ ಮುದ್ದೆಯೇ.

ಮೆಣಸಿನಪುಡಿ ಹಾಕಿದ ಕೆಂಪು ಸಾರಿನಲ್ಲಿ ಅದ್ದಿ ಅವರು ತುತ್ತು ನುಂಗತೊಡಗಿದಾಗ ಇಲೋಂಕ ನೇನಿ ಗಾಬರಿಯಾಗಿ ಯುದಿತ್ ಕಡೆ ನೋಡಿದರು. ಅಗಿಯದೆ ನುಂಗುತ್ತಿದ್ದಾರೆ, ಹಲ್ಲು ನೋವೇ ಎಂದು ಯುದಿತ್ ನನ್ನನ್ನು ಕೇಳಿದಳು. ಮುದ್ದೆಯನ್ನು ಅಗಿಯಬಾರದು ಎಂದು ವಿವರಿಸಿದೆ. ಇಲೋಂಕ ನೇನಿ ತಾವೂ ಒಂದು ತುತ್ತು ನುಂಗಿ ನೋಡಿ, ಕೆಮ್ಮಿ, ಕಣ್ಣಲ್ಲಿ ನೀರು ತಂದುಕೊಂಡು, ಇನ್ನೊಂದು ತುತ್ತಿಗೆ ಕೈ ಹಾಕಿದರು. ಅವರ ತಾಯಿಯ ಕಡೆಯವರು ಟ್ರಾನ್ಸಿಲ್ವೇನಿಯಾದ ಗುಡ್ಡಗಾಡಿನವರು, ಅಲ್ಲಿನ ಬಡವರ ಊಟ ಇದು, ನೆಂಟರಿಗೆ ಬಡಿಸಲು ನಾಚಿಕೆಯಾಗಿ ಮೊದಲ ದಿನ ಮಾಡಿರಲಿಲ್ಲ ಎಂದು ಯುದಿತ್ ಆಮೇಲೆ ಹೇಳಿದಳು.

ಮೂರನೆಯ ದಿನ

ಮೂರನೆಯ ದಿನ ನಮಗೆ ಬಿಳಿ ಮೇಲಂಗಿ ತೊಡಿಸಿ, ರಬ್ಬರ್ ಬೂಟು ಹಾಕಿಸಿ ಒಳಗೆ ಬಿಟ್ಟರು. ಸೀರೆಯನ್ನು ಮೇಲಂಗಿಯೊಳಗೆ ತುರುಕಿಕೊಂಡ ನಾವಿಬ್ಬರೂ ಹತ್ತಿಯ ಮೂಟೆಗಳ ಹಾಗೆ ಕಾಣುತ್ತಿದ್ದೆವು. ಇಲೋಂಕ ನೇನಿ ಎರಡು ಹುಂಜಗಳನ್ನು ಹಿಡಿದು ತಂದರು. ಚಳಿಗಾಲಕ್ಕೆ ಒಂದೇ ಹುಂಜ ಉಳಿಸಿಕೊಳ್ಳುವುದು, ಇನ್ನೊಂದು ಭಾನುವಾರದ ಸಾರಿಗೆ. ಬರುವ ವರ್ಷದ ಮರಿಗಳೆಲ್ಲ ಉಳಿದ ಹುಂಜದವು. ಎರಡೂ ಗಂಡ ಕಟ್ಟಿದ ತಳಿಯವೇ. ಹೊರಗಿನಿಂದ ಒಂದು ಹಕ್ಕಿಯನ್ನೂ ಈ ಆರು ವರ್ಷದಲ್ಲಿ ತಂದಿಲ್ಲ ಎಂದು ಅವರು ಹೆಮ್ಮೆಯಿಂದ ಹೇಳಿದರು. ಈಚೆಗೆ ಮಾತ್ರ ಯಾಕೋ ಹನ್ನೆರಡು ಮೊಟ್ಟೆ ಕಾವಿಗಿಟ್ಟರೆ ನಾಲ್ಕೋ ಐದೋ ಮರಿಯಾಗುತ್ತಿದೆ, ಚಳಿಯಿಂದಿರಬೇಕು ಎಂದರು. ಎರಡರಲ್ಲಿ ಯಾವುದು ಎಂದು ಲಕ್ಷ್ಮಮ್ಮನವರನ್ನು ಕೇಳಿದರು.

ಲಕ್ಷ್ಮಮ್ಮ ಹುಂಜಗಳ ಮುಖ ನೋಡಲಿಲ್ಲ. ಕಾಲು ಹಿಡಿದು ಬೆರಳು ನೋಡಿದರು. ಆಮೇಲೆ ಒಂದು ಹ್ಯಾಟೆ ಹಿಡಿಸಿ ಅದರ ಬೆರಳು ನೋಡಿದರು, ಇನ್ನೊಂದನ್ನು ನೋಡಿದರು. ನಡುವಿನ ಬೆರಳು ಎಲ್ಲಕ್ಕೂ ಒಂದೇ ಕಡೆಗೆ ಬಾಗಿತ್ತು.

"ಎರಡೂ ಬ್ಯಾಡ" ಎಂದರು ನನಗೆ. "ಎಲ್ಲಾ ಅಣ್ಣ ತಂಗೀರು ಇವು. ಬೇಲಿ ಹೊರಗ್ಲಿಂದ್ಲೇ ಅನ್ಕೊಂಡೆ, ಒಂದೇ ಥರ ಕುಂಟ್ತವೆ. ಯಜಮಾನ ಒಳ್ಳೆ ಕೋಳಿನೇ ಮಾಡವ್ನೆ, ಆದ್ರೆ ಹೊರಗ್ಲ ರಕ್ತ ಬರ್ದೆ ಮೊಟ್ಟೆ ಸಾಯ್ತಾ ಐತೆ. ಹೇಳ್ರಮ್ಮ ಆಯಮ್ಮನಿಗೆ."

ನನ್ನ ಎದುರಿಗೆ ನಿಂತವರು ಗಂಡನ ನೆನಪಿಗೆ ಉಳಿದ ಕೋಳಿಗಳನ್ನು ಎದೆಗವಚಿಕೊಂಡ ಹೆಂಗಸು. ನನಗೆ ಧೈರ್ಯ ಬರಲಿಲ್ಲ. ನಿಮ್ಮ ಕೋಳಿಗಳು ತುಂಬ ಚೆನ್ನಾಗಿವೆಯಂತೆ, ಎರಡು ಹುಂಜವೂ ಒಂದನ್ನೊಂದು ಮೀರಿಸುವಂತಿವೆಯಂತೆ ಎಂದು ಯುದಿತ್‌ಗೆ ಹೇಳಿಬಿಟ್ಟೆ. ಅವಳು ಅದನ್ನು ಹಂಗೆರಿಯನ್ನಲ್ಲಿ ಹೇಳಿದಳು. ಇಲೋಂಕ ನೇನಿ ಮುಗುಳ್ನಕ್ಕು ಲಕ್ಷ್ಮಮ್ಮನವರ ಕೈ ಒತ್ತಿದರು.

ಲಕ್ಷ್ಮಮ್ಮ ಕೈ ಬಿಡಿಸಿಕೊಂಡರು. ಇಂಗ್ಲಿಷ್ ಬಾರದಿದ್ದರೇನು, ಮುಖ ಓದಲು ಬರುತ್ತದೆ. "ಟೀಚರಮ್ಮ, ನಾನು ಹೇಳಿದ್ದಕ್ಕೆ ಯಾರೂ ನಗಲ್ಲ. ನೀನು ಬೇರೆ ಏನೋ ಹೇಳ್ದೆ" ಎಂದರು. ಅಲ್ಲಿಯವರೆಗೆ ನನ್ನನ್ನು ನೀವು ಎನ್ನುತ್ತಿದ್ದವರು ಮೊದಲ ಸಲ ನೀನು ಎಂದದ್ದು ಆಗಲೇ. ಹದಿನೇಳು ವರ್ಷ ಮಕ್ಕಳ ಉತ್ತರ ಪತ್ರಿಕೆಯಲ್ಲಿ ಸುಳ್ಳಿಗೆ ಕೆಂಪು ಗೆರೆ ಎಳೆದವಳು ನಾನು.

ಕ್ಷಮಿಸಿ, ನಾನು ತಪ್ಪು ಹೇಳಿದೆ ಎಂದು ಯುದಿತ್‌ಗೆ ಹೇಳಿ, ಇದ್ದದ್ದನ್ನು ಇದ್ದ ಹಾಗೆ ಒಪ್ಪಿಸಿದೆ. ಬಾಗಿದ ಬೆರಳನ್ನು ತೋರಿಸಿದೆ. ಯುದಿತ್ ಅತ್ತೆಯ ಕಡೆ ತಿರುಗಿದಳು. ಅವಳು ಹೇಳಿ ಮುಗಿಸುವಷ್ಟರಲ್ಲಿ ಲಕ್ಷ್ಮಮ್ಮ ತಾವೇ ಮುಂದುವರಿದರು. ತಮ್ಮ ಮನೆಯಲ್ಲೂ ಹೀಗೇ ಆಗಿತ್ತು, ಮೆಚ್ಚಿನ ಹುಂಜವೊಂದನ್ನು ಕೈಬಿಡಲಾಗದೆ ನಾಲ್ಕು ವರ್ಷ ಇಟ್ಟುಕೊಂಡು ಮರಿಗಳೆಲ್ಲ ಹೋದವು, ಅದಕ್ಕೇ ಈಗ ಶಿಡ್ಲಘಟ್ಟದ ಮಗಳ ಮನೆಯಿಂದ ಹುಂಜ ತರುವುದು ಎಂದರು. "ನಾನೇ ನಮ್ಮ ಸೋದರಮಾವನ್ನ ಕಟ್ಕೊಂಡೋಳು. ನಮ್ಗೆ ಅಂಗೂ ನಡೀತು. ಕೋಳಿಗೆ ನಡಿಯಲ್ಲ ಅಕ್ಕಯ್ಯ" ಎಂದರು. ಮನುಷ್ಯರಿಗೂ ಅದು ಒಳ್ಳೆಯದಲ್ಲ ಎಂದು ತರಗತಿಯಲ್ಲಿ ಹೇಳುವವಳು ನಾನು, ಆ ಮಾತನ್ನೂ ಇದ್ದ ಹಾಗೆ ಯುದಿತ್‌ಗೆ ಹೇಳಿದೆ.

ಇಲೋಂಕ ನೇನಿ ಹುಂಜಗಳನ್ನು ಗೂಡಿಗೆ ಬಿಟ್ಟು, ಬೂಟು ಕಳಚಿ ಒಳಗೆ ಹೋದರು. ಮಧ್ಯಾಹ್ನ ಊಟಕ್ಕೆ ಬಡಿಸಿದರು, ತಾವು ಕೂರಲಿಲ್ಲ. ರಾತ್ರಿ ಹಾಸಿಗೆಯಲ್ಲಿ, ಹೇಳಬಾರದಿತ್ತೇನೋ ಎಂದು ನಾನು ಗೊಣಗಿದಾಗ ಲಕ್ಷ್ಮಮ್ಮ, ಕೋಳಿ ನೋಡಕ್ಕೇ ತಾನೆ ಕರೆಸಿದ್ದು, ನೋಡಿ ಹೇಳಿದ್ದೀನಿ ಎಂದು ಗೋಡೆ ಕಡೆ ತಿರುಗಿದರು. ಅವರಿಗೂ ನಿದ್ದೆ ಬರಲಿಲ್ಲವೆಂದು ನನಗೆ ಗೊತ್ತಾಯಿತು.

ಫೆರಿಯವರ ಅಂಗಳ

ಬೆಳಗ್ಗೆ ಇಲೋಂಕ ನೇನಿ ತಲೆಗೆ ಹೂವಿನ ವಸ್ತ್ರ ಕಟ್ಟಿಕೊಂಡು ಕಾರಿನ ಬೀಗದ ಕೈ ಹಿಡಿದು ನಿಂತಿದ್ದರು. ಎಲ್ಲಿಗೆ ಎಂದು ಯುದಿತ್ ಕೇಳಿದ್ದಕ್ಕೆ ಫೆರಿಯ ಮನೆಗೆ ಎಂದರು. ಯುದಿತ್‌ಳ ಹುಬ್ಬು ಮೇಲೇರಿತು.

ದಾರಿಯಲ್ಲಿ ಅವಳು ನನಗೆ ಕಥೆ ಹೇಳಿದಳು. ಫೆರಿ ಪಕ್ಕದ ಊರಿನವರು, ಅವರದೂ ಬೋಳುಕತ್ತಿನ ಕೋಳಿಗಳೇ, ಆದರೆ ಬೇರೆ ಕಡೆಯಿಂದ ತಂದ ತಳಿ. ಹಿಂದೆ ಒಂದು ಕೋಳಿ ಪ್ರದರ್ಶನದಲ್ಲಿ ಅವರ ಹುಂಜಕ್ಕೆ ಮೊದಲ ಬಹುಮಾನ ಬಂದಾಗ, ಇಲೋಂಕ ನೇನಿಯ ಗಂಡ ಎಲ್ಲರೆದುರು, ಇದರ ಗರಿಗೆ ಬಣ್ಣ ಹಚ್ಚಿದ್ದಾರೆ ಎಂದುಬಿಟ್ಟರಂತೆ. ಅಲ್ಲಿಂದ ಎರಡು ಮನೆಗಳ ನಡುವೆ ಮಾತಿಲ್ಲ. ಗಂಡನ ಮಣ್ಣಿಗೂ ಫೆರಿ ಬಂದಿರಲಿಲ್ಲ.

ಗೇಟಿನ ಹತ್ತಿರ ನಿಂತಿದ್ದ ದಪ್ಪ ಮೀಸೆಯ ಮುದುಕ ನಮ್ಮ ಕಾರನ್ನು ನೋಡಿ ಕದಲಲಿಲ್ಲ. ಇಲೋಂಕ ನೇನಿ ಇಳಿದು ಒಂದೇ ಮಾತು ಹೇಳಿದರು. ಒಂದು ಹುಂಜ ಬೇಕು ಎಂದರಂತೆ. ಆತ ಅವರನ್ನೂ, ಸೀರೆಯುಟ್ಟ ನಮ್ಮನ್ನೂ ನೋಡಿ, ಕೊನೆಗೆ ಗೇಟು ತೆರೆದರು.

ಒಳಗೆ ಕೂರಿಸಿ, ಚಿಕ್ಕ ಚಿಕ್ಕ ಗಾಜಿನ ಲೋಟದಲ್ಲಿ ನೀರಿನಂಥದ್ದೇನನ್ನೋ ತಂದಿಟ್ಟರು. ಲಕ್ಷ್ಮಮ್ಮನವರಿಗೆ ಬಾಯಾರಿತ್ತು. ನಾನು ತಡೆಯುವ ಮೊದಲೇ ಗಟಗಟ ಕುಡಿದುಬಿಟ್ಟರು. ಅದು ಪ್ಲಮ್ ಹಣ್ಣಿನಿಂದ ಬಟ್ಟಿ ಇಳಿಸಿದ್ದು. ಅವರು ಒಂದು ನಿಮಿಷ ಕಣ್ಣು ಮುಚ್ಚಿ ಕೂತರು. ಆಮೇಲೆ, ನಮ್ಮ ಕಡೆ ಸಾರಾಯಿ ಮುಚ್ಚಿಸಿ ವರ್ಷದ ಮೇಲಾಯ್ತು, ಇವರ ಕಡೆ ಇನ್ನೂ ಐತೆ ಎಂದು ಶಾಂತವಾಗಿ ಹೇಳಿದರು. ಫೆರಿ ಇನ್ನೊಂದು ಲೋಟ ಮುಂದಿಟ್ಟರು. ಅದನ್ನು ನಾನು ನನ್ನ ಕಡೆ ಎಳೆದುಕೊಂಡೆ.

ಅಂಗಳದಲ್ಲಿ ನಾಲ್ಕು ಹುಂಜಗಳಿದ್ದವು. ಯಾವುದು ಬೇಕು ಎಂದು ಫೆರಿ ಕೇಳಿದಾಗ ಇಲೋಂಕ ನೇನಿ ಲಕ್ಷ್ಮಮ್ಮನವರನ್ನು ತೋರಿಸಿದರು. ಅವರು ಮೊದಲು ಬೆರಳು, ಕಾಲು, ಎದೆಮೂಳೆ ಮುಟ್ಟಿ ನೋಡಿದರು, ನಾಲ್ಕೂ ನೆಟ್ಟಗಿದ್ದವು. ಆಮೇಲೆ ಒಂದು ಹಿಡಿ ಜೋಳ ಕೇಳಿದರು. ಪ್ರತಿ ಹುಂಜದ ಮುಂದೆ ನಾಲ್ಕು ಕಾಳು ಹಾಕಿ, ಹ್ಯಾಟೆಗಳನ್ನು ದೂರ ನಿಲ್ಲಿಸಿದರು. ಮೊದಲ ಮೂರೂ ತಾವೇ ಹೆಕ್ಕಿ ತಿಂದವು. ನಾಲ್ಕನೆಯದು, ಎಲ್ಲಕ್ಕಿಂತ ಚಿಕ್ಕದು, ಬಾಲದ ಗರಿ ಮುರಿದದ್ದು, ಕಾಳನ್ನು ಕೊಕ್ಕಿನಲ್ಲಿ ಎತ್ತಿ ಕೆಳಗೆ ಹಾಕಿ, ಕೊಕ್ ಕೊಕ್ ಎಂದು ಹ್ಯಾಟೆಗಳನ್ನು ಕರೆಯಿತು. ಅವು ಬಂದು ತಿನ್ನುವವರೆಗೆ ತಾನು ತಿನ್ನಲಿಲ್ಲ. ಲಕ್ಷ್ಮಮ್ಮ ತಮ್ಮ ಕಪ್ಪು ಶಾಲು ತೆಗೆದು ತಲೆಯ ಮೇಲೆ ಒಮ್ಮೆ ಬೀಸಿದರು, ಹದ್ದಿನ ನೆರಳಿನ ಹಾಗೆ. ಹ್ಯಾಟೆಗಳು ಗಾಡಿಯ ಕೆಳಗೆ ನುಗ್ಗಿದವು. ದೊಡ್ಡ ಹುಂಜವೊಂದು ಅವುಗಳಿಗಿಂತ ಮೊದಲೇ ಗಾಡಿಯ ಕೆಳಗಿತ್ತು. ಚಿಕ್ಕದು ಮಾತ್ರ ಅಂಗಳದ ನಡುವೆ ಕತ್ತು ಓರೆ ಮಾಡಿ ಆಕಾಶ ನೋಡುತ್ತ ಕೂಗುತ್ತಿತ್ತು.

"ಇದು ಸಂಸಾರ ಮಾಡೋ ಹುಂಜ" ಎಂದರು ಲಕ್ಷ್ಮಮ್ಮ.

ನಾನು ಯುದಿತ್‌ಗೆ, ಯುದಿತ್ ಅವರಿಬ್ಬರಿಗೆ ಹೇಳಿದಾಗ ಫೆರಿ ಹೊಟ್ಟೆ ಹಿಡಿದು ನಗತೊಡಗಿದರು. ಬಾಲ ಮುರಿದಿದೆ ಎಂದು ಅದನ್ನೇ ಭಾನುವಾರಕ್ಕೆ ಕೊಯ್ಯಲು ಇಟ್ಟಿದ್ದರಂತೆ. ದುಡ್ಡು ಕೊಡಲು ಹೋದರೆ ತೆಗೆದುಕೊಳ್ಳಲಿಲ್ಲ. ಹುಂಜವನ್ನು ರಟ್ಟಿನ ಪೆಟ್ಟಿಗೆಗೆ ಹಾಕಿ, ತೂತು ಕೊರೆದು, ದಾರ ಕಟ್ಟುತ್ತ ಕಟ್ಟುತ್ತ, ತಲೆ ಎತ್ತದೆ ಇಲೋಂಕ ನೇನಿಗೆ ಏನೋ ಹೇಳಿದರು. ಯುದಿತ್ ಬಾಯಿ ತೆರೆದು ನಿಂತಳು. ಇಲೋಂಕ ನೇನಿಯ ಭುಜ ಕುಲುಕತೊಡಗಿತು, ಅಳುತ್ತಿದ್ದಾರೆ ಎಂದುಕೊಂಡೆ. ನಗುತ್ತಿದ್ದರು. ನಕ್ಕು ನಕ್ಕು ಗಾಡಿಯ ಮೂಕಿ ಹಿಡಿದುಕೊಂಡು ನಿಂತರು.

"ಏನಂತೆ?" ಎಂದು ಲಕ್ಷ್ಮಮ್ಮ ನನ್ನ ತೋಳು ಜಗ್ಗಿದರು.

ಯುದಿತ್ ನನ್ನ ಕಿವಿಯಲ್ಲಿ ಹೇಳಿದಳು: ನಿನ್ನ ಗಂಡ ಹೇಳಿದ್ದು ಸರಿ, ಬಣ್ಣ ಹಚ್ಚಿದ್ದೆ, ಎರಡು ಗರಿಗೆ, ಬೂಟ್ ಪಾಲಿಶ್ ಎಂದರಂತೆ.

ವಾಪಸು ಬರುವಾಗ ಪೆಟ್ಟಿಗೆ ನನ್ನ ತೊಡೆಯ ಮೇಲಿತ್ತು. ಊರ ಹತ್ತಿರದ ರೈಲ್ವೆ ಗೇಟಿನಲ್ಲಿ ಕಾರು ನಿಂತಾಗ ಹುಂಜ ರಟ್ಟು ಒದ್ದು ಹೊರಬಂತು. ಹಿಡಿಯಲು ಹೋದ ನನ್ನ ತಲೆಯ ಮೇಲೆ ಕಾಲಿಟ್ಟು, ಹಾರಿ, ಇಲೋಂಕ ನೇನಿಯ ಸೀಟಿನ ಬೆನ್ನಿನ ಮೇಲೆ ಕೂತು, ಅವರ ಕಿವಿಯ ಪಕ್ಕದಲ್ಲೇ ಕೂಗಿತು. ಪಕ್ಕದ ಲಾರಿಯ ಡ್ರೈವರ್ ಟೋಪಿ ತೆಗೆದು ಅದಕ್ಕೆ ನಮಸ್ಕಾರ ಮಾಡಿದ. ಇಲೋಂಕ ನೇನಿ ಹಿಂತಿರುಗಿ ನೋಡದೆ, ಇರಲಿ ಬಿಡಿ ಎಂಬಂತೆ ಕೈ ಆಡಿಸಿದರು. ಗೇಟು ತೆರೆದ ಮೇಲೂ ಅದು ಅಲ್ಲೇ ಕೂತು ಮನೆಯವರೆಗೆ ಬಂತು.

ಹೊಸ ಹಕ್ಕಿಯನ್ನು ಕೂಡಲೇ ಗುಂಪಿಗೆ ಬಿಡಬಾರದು, ಕೆಲವು ದಿನ ಬೇರೆ ಇಟ್ಟು ಕಾಯಿಲೆ ಇಲ್ಲವೆಂದು ನೋಡಿಕೊಳ್ಳಬೇಕು ಎನ್ನುವುದರಲ್ಲಿ ಎರಡು ದೇಶಕ್ಕೂ ಭಿನ್ನಾಭಿಪ್ರಾಯವಿರಲಿಲ್ಲ. ಹೊರಗೆ ಲಕ್ಷ್ಮಮ್ಮ ಕೂತಿದ್ದ ಬೆಂಚಿನ ಪಕ್ಕದಲ್ಲೇ ಅದಕ್ಕೊಂದು ಗೂಡಾಯಿತು.

ಹೊರಡುವ ಹಿಂದಿನ ಸಂಜೆ ಗಸಗಸೆ ತುಂಬಿದ ಸಿಹಿ ರೊಟ್ಟಿ ಮಾಡಿದ್ದರು. ಗಸಗಸೆಯನ್ನು ನಾವು ಪಾಯಸಕ್ಕೆ ಒಂದು ಚಮಚ ಹಾಕಿದರೆ ಅವರು ಸೇರುಗಟ್ಟಲೆ ತುಂಬುತ್ತಾರೆ. ಫೆರಿಯ ಹುಂಜ ಮನೆಗೆ ಬಂದದ್ದನ್ನು ನೋಡಿದ್ದರೆ ನಿಮ್ಮ ಯಜಮಾನರಿಗೆ ಬೇಜಾರಾಗುತ್ತಿತ್ತೇ ಎಂದು ಲಕ್ಷ್ಮಮ್ಮ ಆ ದಿನ ಕೇಳಿದರು. ನಾನು ಅದನ್ನು ಇದ್ದ ಹಾಗೇ ದಾಟಿಸಿದೆ. ಇಲೋಂಕ ನೇನಿ ರೊಟ್ಟಿ ಕೊಯ್ಯುತ್ತಿದ್ದ ಚಾಕು ಕೆಳಗಿಟ್ಟರು.

"ಮೊದಲು ಕೂಗಾಡುತ್ತಿದ್ದರು" ಎಂದರು. "ಆಮೇಲೆ ಯಾರಿಗೂ ಹೇಳದೆ ಹಿತ್ತಲಿಗೆ ಹೋಗಿ ಆ ಹುಂಜದ ಮುಂದೆ ಜೋಳ ಹಾಕಿ ನೋಡುತ್ತಿದ್ದರು."

ಮತ್ತೆ ಚಿಂತಾಮಣಿ

ಬೇಸಿಗೆ ರಜೆಯಲ್ಲಿ ಯುದಿತ್‌ಳ ಇ-ಮೇಲ್ ಬಂತು. ಗೌರಿಬಿದನೂರಿನ ಸೈಬರ್ ಸೆಂಟರಿನಲ್ಲಿ ಪ್ರಿಂಟು ಹಾಕಿಸಿ, ಬಸ್ಸು ಹಿಡಿದು ಸಂತೆಗೆ ಹೋದೆ. ಕಾವಿಗೆ ಹನ್ನೆರಡು ಮೊಟ್ಟೆ ಇಟ್ಟಿದ್ದರು, ಹತ್ತು ಮರಿ. ಬೆರಳು ಎಲ್ಲವಕ್ಕೂ ನೆಟ್ಟಗಿದೆಯಂತೆ. ಫೋಟೋದಲ್ಲಿ ಇಲೋಂಕ ನೇನಿಯ ಏಪ್ರನ್ನಿನ ತುಂಬ ಕರಿಯ ಮರಿಗಳು.

ಲಕ್ಷ್ಮಮ್ಮ ಫೋಟೋವನ್ನು ಹತ್ತಿರ ಹಿಡಿದು, ದೂರ ಹಿಡಿದು ನೋಡಿದರು. ಪಕ್ಕದ ಬಾಳೆಹಣ್ಣಿನವಳಿಗೂ ತೋರಿಸಿದರು. ಆಮೇಲೆ ನನಗೆ ಉತ್ತರ ಬರೆಯಲು ಹೇಳಿದರು.

"ಹುಂಜ ಮರಿ ಜಾಸ್ತಿ ಇದ್ರೆ ಎಲ್ಲಾನೂ ಕೊಯ್ಕೋಬ್ಯಾಡಿ ಅನ್ನು. ಒಂದೆರಡು ಆ ಮೀಸೆ ಯಪ್ಪನ ಮನೆಗೆ ಕೊಟ್ಟು ಬರ್ಲಿ. ಸಂಬಂಧ ಮಾಡಿದ್ಮೇಲೆ ಹೋಗಿ ಬಂದು ಮಾಡ್ತಿರ್ಬೇಕು ಕಣಮ್ಮ."

ಬರೆದು ಕಳಿಸಿದೆ. ಶಾಲೆ ಶುರುವಾದ ಮೇಲೆ, ಜೂನ್ ಮುಗಿಯುವ ಹೊತ್ತಿಗೆ ಯುದಿತ್‌ಳ ಉತ್ತರ ಬಂತು, ನಾಲ್ಕೇ ಸಾಲು. ನಿಮ್ಮ ಪತ್ರ ಬರುವ ಮೊದಲೇ ಅತ್ತೆ ಎರಡು ಮರಿ ಹುಂಜಗಳನ್ನು ಆರಿಸಿಟ್ಟಿದ್ದರು. ಹೋದ ಭಾನುವಾರ ಬುಟ್ಟಿಯಲ್ಲಿ ಹಾಕಿಕೊಂಡು, ಜೊತೆಗೆ ಗಸಗಸೆ ರೊಟ್ಟಿ ತೆಗೆದುಕೊಂಡು ತಾವೇ ಕಾರು ನಡೆಸಿಕೊಂಡು ಹೋದರು. ಬೆಳಗ್ಗೆ ಹತ್ತಕ್ಕೆಲ್ಲ ವಾಪಸು ಬರುತ್ತೇನೆ ಎಂದಿದ್ದರು. ಸಂಜೆ ಕೋಳಿ ಗೂಡು ಮುಚ್ಚುವ ಹೊತ್ತಿಗೆ ಫೋನ್ ಮಾಡಿ, ನಮ್ಮ ಗೂಡನ್ನು ನೀನೇ ಮುಚ್ಚಿಬಿಡು, ನಾನು ಊಟ ಮುಗಿಸಿಕೊಂಡು ಬರುತ್ತೇನೆ ಎಂದರು.